ಮಾವನವರ ನಾಲ್ಕು ಗಾಲಿ ಮತ್ತು ನನ್ನ ಸರ್ಟಿಫಿಕೇಟು

ಈ ಕಥೆ ಹೇಳುವ ಯೋಗ್ಯತೆ ನನಗಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಎಂಜಿನ್ ಬಲ್ಲವರು ಕ್ಷಮಿಸಬೇಕು, ಕುರಿ ಬಲ್ಲವರೂ ಕ್ಷಮಿಸಬೇಕು. ಎರಡನ್ನೂ ಬಲ್ಲವರು ಯಾರಾದರೂ ಇದ್ದರೆ ಅವರಿಗೆ ನಾನು ಹೇಳುವಂಥದ್ದು ಏನೂ ಇಲ್ಲ. ಅವರು ಅಂದು ಅಲ್ಲಿದ್ದಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ. ನಾನು ಭಾಲ್ಕಿಯ ಒಂದು ಪ್ರೌಢಶಾಲೆಯಲ್ಲಿ ಗಂಟೆ ಹೊಡೆಯುವವನು. ಹೆಸರು ಶಿವಕಾಂತ. ಗಂಟೆಯ ಜೊತೆಗೆ ಬೀಗ, ಚಾಕ್‌ಪೀಸು, ಮುಖ್ಯಗುರುಗಳ ಚಹಾ ಇವೂ ನನ್ನ ಸುಪರ್ದಿಯಲ್ಲಿವೆ. ಸುಮ್ಮನೆ ಇದ್ದುಬಿಡುತ್ತಿದ್ದೆ. ಆದರೆ ಔರಾದ ತಾಲ್ಲೂಕಿನಲ್ಲಿ ಈಗ ಈ ಸಂಗತಿ ನಾಲ್ಕು ಬೇರೆ ಬೇರೆ ರೂಪಗಳಲ್ಲಿ ಓಡಾಡುತ್ತಿದೆ. ಒಂದರಲ್ಲಿ ನಾನು ಗಾಡಿಗೆ ಚಪ್ಪಲಿಯಿಂದ ಹೊಡೆದೆ. ಇನ್ನೊಂದರಲ್ಲಿ ಗಾಡಿಯ ಮುಂದೆ ಕೂತು ಕಣ್ಣೀರು ಹಾಕಿದೆ. ಹೊಡೆದಿಲ್ಲ. ಅಷ್ಟನ್ನು ದಾಖಲು ಮಾಡಲು ಬರೆಯುತ್ತಿದ್ದೇನೆ.

ಎಲ್ಲಕ್ಕೂ ಮೂಲ ಒಂದು ಸರ್ಟಿಫಿಕೇಟು.

ಮದುವೆಯಾದ ಹೊಸತರಲ್ಲಿ, ಮುಂದೆ ಬರಬೇಕೆಂಬ ಆಸೆಯಿಂದ, ಬೀದರಿನಲ್ಲಿ ಮೂರು ತಿಂಗಳ ದ್ವಿಚಕ್ರ ವಾಹನ ದುರಸ್ತಿಯ ಸಂಜೆ ತರಗತಿಗೆ ಸೇರಿದ್ದೆ. ಆರರಿಂದ ಎಂಟರವರೆಗೆ ಕ್ಲಾಸು. ಭಾಲ್ಕಿಗೆ ಬರುವ ಬಸ್ಸು ಎಂಟಕ್ಕೆ ಸರಿಯಾಗಿ ಬಿಡುತ್ತಿತ್ತು. ಹಾಗಾಗಿ ನಾನು ದಿನವೂ ಏಳೂ ಮುಕ್ಕಾಲಿಗೆ ಎದ್ದು, ಉಸ್ತಾದರಿಗೆ ಕೈಮುಗಿದು, ಬಸ್ ಸ್ಟ್ಯಾಂಡಿಗೆ ಓಡುತ್ತಿದ್ದೆ. ಇದರ ಪರಿಣಾಮ ನನಗೆ ಬಹಳ ತಡವಾಗಿ ತಿಳಿಯಿತು. ಬಿಚ್ಚುವುದನ್ನು ಕಲಿಸುತ್ತಿದ್ದದ್ದು ಆರು ಗಂಟೆಗೆ. ಬಿಚ್ಚಿದ್ದನ್ನು ಮತ್ತೆ ಕೂಡಿಸುವುದನ್ನು ಕಲಿಸುತ್ತಿದ್ದದ್ದು ಕೊನೆಯ ಕಾಲು ಗಂಟೆಯಲ್ಲಿ. ಯಾವ ಎಂಜಿನ್ನನ್ನಾದರೂ ನಾನು ನಿಷ್ಠೆಯಿಂದ ಬಿಚ್ಚಬಲ್ಲೆ. ಮುಂದಿನದು ನನ್ನ ಬಸ್ಸಿನ ಸಮಯ.

ಹಾಜರಾತಿ ಪೂರ್ತಿ ಇದ್ದುದರಿಂದ ಸರ್ಟಿಫಿಕೇಟು ಕೊಟ್ಟರು. ನನ್ನ ಹೆಂಡತಿ ಮನಿಷಾ ಅದಕ್ಕೆ ಕಟ್ಟು ಹಾಕಿಸಿ ಟಿವಿಯ ಮೇಲೆ ತೂಗುಹಾಕಿದಳು. ಬಂದವರೆಲ್ಲ ಮೊದಲು ಅದನ್ನು ನೋಡಿ, ಆಮೇಲೆ ನನ್ನನ್ನು ನೋಡುತ್ತಿದ್ದರು. ಇಂಥ ನೋಟಕ್ಕೆ ಮನುಷ್ಯ ಬೇಗ ಒಗ್ಗಿಹೋಗುತ್ತಾನೆ.

ಹೋದ ವರ್ಷ ಕಮಲನಗರದಲ್ಲಿ ನಮ್ಮ ಸಂಬಂಧಿಕರ ಮಗುವಿನ ತೊಟ್ಟಿಲು ಕಾರ್ಯ. ಊಟದ ಪಂಕ್ತಿಯಲ್ಲಿ ಮಾತು ಮಾವನವರ ಮೊಣಕಾಲಿಗೆ ಬಂತು. ಮಾವ ಮಡೆಪ್ಪನವರದು ಠಾಣಾ ಕುಶನೂರ. ಎಂಬತ್ತು ಕುರಿಗಳ ಹಿಂದೆ ಐವತ್ತು ವರ್ಷ ನಡೆದ ಕಾಲು ಅದು. ಇನ್ನು ಕಲ್ಲುನೆಲದಲ್ಲಿ ನಡೆಯಬೇಡಿ ಎಂದು ಬೀದರಿನ ಡಾಕ್ಟರು ಖಡಾಖಂಡಿತ ಹೇಳಿದ್ದರು. ಮಗ ಸಂಜುಕುಮಾರ ಹೈದರಾಬಾದಿಗೆ ಟೆಂಪೊ ಓಡಿಸುತ್ತಾನೆ, ಅವನಿಗೆ ಕುರಿ ಹಿಂದೆ ಹೋಗಲಾಗದು. ಕುರಿ ಕಾಯಲು ಬೇರೆ ಆಳು ಸಿಗುತ್ತಿಲ್ಲ. ಮಂದೆಯನ್ನು ಮಾರಿಬಿಡುವುದೇ ಸರಿ ಎಂದು ನೆಂಟರೆಲ್ಲ ಹೋಳಿಗೆ ತಿನ್ನುತ್ತ ತೀರ್ಮಾನಿಸುತ್ತಿದ್ದರು. ಮಾವನವರು ಎಲೆಯ ಮೇಲಿಂದ ಕಣ್ಣೆತ್ತಲಿಲ್ಲ.

ಆಗ ಸಂಜುಕುಮಾರ ಒಂದು ಸುದ್ದಿ ಹೇಳಿದ. ಹೈದರಾಬಾದಿನ ಹೊರಗೆ ಶ್ರೀಮಂತರು ಮೋಜಿಗೆ ಬರುವ ಒಂದು ತೋಟವಂತೆ. ಅಲ್ಲಿ ನಾಲ್ಕು ದಪ್ಪ ಗಾಲಿಯ ಬೈಕುಗಳಿದ್ದವಂತೆ. ಕಲ್ಲು, ಕೊರಕಲು, ಕೆಸರು ಎಲ್ಲದರ ಮೇಲೂ ಹತ್ತುತ್ತವಂತೆ. ತೋಟ ಮುಚ್ಚಿತ್ತು, ಒಂದು ಹಳೆಯ ಗಾಡಿ ಸಿಗುವಂತಿತ್ತು. "ಅಪ್ಪಗ ಅದು ತಂದು ಕೊಟ್ರ ಕುರಿ ಹಿಂದ ಆರಾಮ ಹೋಗ್ತಾನ. ಆದ್ರ ಕೆಟ್ರ ನೋಡೋರು ಯಾರು?" ಎಂದ.

ಪಂಕ್ತಿಯ ಎಲ್ಲರೂ ನನ್ನ ಕಡೆ ನೋಡಿದರು. ಟಿವಿಯ ಮೇಲಿನ ಕಟ್ಟು ಅಲ್ಲಿ ಇರಲಿಲ್ಲ, ಆದರೂ ಎಲ್ಲರಿಗೂ ಕಂಡಿತು. ಆಗ ನಾನು ಆಡಿದ ಮಾತು ಇದು: "ಕಾರ್ಬೋರೇಟರ್ ಇದ್ದದ್ದೇ ತಗೋ. ಉಳಿದದ್ದು ನಾ ನೋಡ್ತೇನಿ."

ಕಾರ್ಬೋರೇಟರ್ ಎಂಬ ಪದವನ್ನು ನಾನು ಆಡಬಾರದಿತ್ತು. ಮಾವನವರು ಮೊದಲ ಸಲ ತಲೆಯೆತ್ತಿ ನನ್ನನ್ನು ನೋಡಿ, ಎಲೆಯಲ್ಲಿದ್ದ ಹೋಳಿಗೆಯನ್ನು ಪೂರ್ತಿ ತಿಂದರು. ಅದನ್ನು ನೆನೆದರೆ ಇಂದಿಗೂ ನನಗೆ ಒಂಥರಾ ಆಗುತ್ತದೆ.

ಗಾಡಿ ಬಂದ ದಿನ ನಾನು ಇರಲಿಲ್ಲ, ಶಾಲೆಯಲ್ಲಿ ಪರೀಕ್ಷೆ ನಡೆದಿತ್ತು. ಸಂಜುಕುಮಾರ ಫೋನಿನಲ್ಲಿ ಹೇಳಿದ್ದಿಷ್ಟು: ಟೆಂಪೊದಿಂದ ಇಳಿಸಿದರು, ಹಾರ ಹಾಕಿದರು, ಕಾಯಿ ಒಡೆದರು. ಮಾವನವರು ಹತ್ತಿ ಕೂತರು. ಗಾಡಿ ನಲವತ್ತು ಹೆಜ್ಜೆ ಹೋಗಿ, ಊರ ಅಗಸಿ ಬಾಗಿಲ ಮುಂದೆ ಗಪ್ಪನೆ ನಿಂತಿತು. ಇಡೀ ಊರು ನೋಡುತ್ತಿತ್ತು. ಒಂದು ತಾಸಿನ ಮೇಲೆ ತಾನಾಗಿಯೇ ಚಾಲೂ ಆಗಿ ಮನೆಗೆ ಬಂತು. ಮರುದಿನದಿಂದ ಅಂಗಳದಲ್ಲಿ ಚೆನ್ನಾಗಿ ಓಡುತ್ತದೆ, ಊರಾಚೆಯ ದಿಬ್ಬ ಹತ್ತುವಾಗ ಮಾತ್ರ ನಿಲ್ಲುತ್ತದೆ. ದಿನಾ ನಿಲ್ಲುತ್ತದೆ. ಕುರಿಗಳೆಲ್ಲ ದಿಬ್ಬದ ಆಚೆ, ಮಾವನವರು ಈಚೆ.

ಹುಮನಾಬಾದಿನ ಒಬ್ಬ ಕುರಿ ವ್ಯಾಪಾರಿ ಆಗಲೇ ಬಂದು ಮಂದೆ ನೋಡಿ ಹೋಗಿದ್ದ. ಮುಂದಿನ ಅಮಾವಾಸ್ಯೆಯೊಳಗೆ ಗಾಡಿ ದಿಬ್ಬ ಹತ್ತಿದರೆ ಕುರಿ ಉಳಿಯುತ್ತವೆ, ಇಲ್ಲವಾದರೆ ಅವನಿಗೆ ಕೊಟ್ಟುಬಿಡುವುದು ಎಂದು ಮನೆಯಲ್ಲಿ ಮಾತಾಯಿತು. ಹೀಗೆ ಎಂಬತ್ತು ಕುರಿ ನನ್ನ ಸರ್ಟಿಫಿಕೇಟಿನ ಮೇಲೆ ಬಂದು ನಿಂತವು.

ಮೊದಲ ಭಾನುವಾರ ನೋಟುಬುಕ್ಕು, ಪಾನಾ, ತಿರುಪುಳಿಗಳ ಚೀಲ ಹಿಡಿದು ಬಸ್ಸಿನಲ್ಲಿ ಹೋದೆ. ಅಂಗಳದಲ್ಲಿ ಗಾಡಿ ನಿಂತಿತ್ತು, ತೊಳೆದು, ಕುಂಕುಮ ಹಚ್ಚಿಕೊಂಡು. ಅತ್ತೆ ಸುಂದರಬಾಯಿ ಮಡಿಸಿದ ಕಂಬಳಿಯನ್ನು ಹೆಗಲ ಮೇಲೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ಕುರಿಯವರ ಮನೆಯಲ್ಲಿ ಕಂಬಳಿಯನ್ನು ಯಾರು ಗಮನಿಸುತ್ತಾರೆ? ನಾನು ಅವರಿಗೂ ಗಾಡಿಗೂ ನಮಸ್ಕಾರ ಮಾಡಿದೆ. ಅಷ್ಟರಲ್ಲಿ ಆಚೆ ಮನೆಯ ಭೀಮಬಾಯಿ ತನ್ನ ಕಟ್ಟೆಯ ಮೇಲೆ ಆಯಕಟ್ಟಿನ ಜಾಗ ಹಿಡಿದು ಕೂತಾಗಿತ್ತು. ಹಿಂದೆಯೇ ಅರ್ಧ ಓಣಿ ಬಂತು.

ಉಸ್ತಾದರು ಕಲಿಸಿದಂತೆ ಮೊದಲು ಪ್ರಶ್ನೆಗಳನ್ನು ಕೇಳಿದೆ. ಪೆಟ್ರೋಲು ಎಲ್ಲಿಯದು? ಆಯಿಲು ಯಾವುದು? ಗಾಡಿಗೆ ಹೊರಗಿನದು ಏನಾದರೂ ಸೇರಿಸಿದ್ದೀರಾ? ಅತ್ತೆ ಬಹಳ ಯೋಚಿಸಿ, ಏನೂ ಸೇರಿಸಿಲ್ಲ ಎಂದರು. ನಾನು "ಇಲ್ಲ" ಎಂದು ಬರೆದುಕೊಂಡು ಅಡಿಗೆರೆ ಹಾಕಿದೆ. ಆ ಅಡಿಗೆರೆ ಈಗಲೂ ಆ ಪುಟದಲ್ಲಿದೆ.

ಆಮೇಲೆ ಸೀಟು ಎತ್ತಿ ಪಕ್ಕಕ್ಕಿಟ್ಟೆ, ಏಕೆಂದರೆ ಬ್ಯಾಟರಿ, ಎಂಜಿನ್ ಗಾಳಿ ಎಳೆದುಕೊಳ್ಳುವ ಗಾಳಿಡಬ್ಬಿ ಎಲ್ಲ ಅದರ ಕೆಳಗಿವೆ. ಪ್ಲಗ್ ಬಿಚ್ಚಿದೆ. ಹಂಚಿನ ತಳದ ಹಾಗೆ ಕಪ್ಪಾಗಿತ್ತು. ಒಳಗೆ ಪೆಟ್ರೋಲು ಹೆಚ್ಚಾಗಿ ಗಾಳಿ ಕಡಿಮೆಯಾದರೆ ಹೀಗಾಗುತ್ತದೆ ಎಂದು ಪುಸ್ತಕದಲ್ಲಿದೆ. ಕಾರ್ಬೋರೇಟರಿನ ತಿರುಪು ಅರ್ಧ ಸುತ್ತು ತಿರುಗಿಸಿ, ಪ್ಲಗ್ ಉಜ್ಜಿ ಹಾಕಿ, ಗುಂಡಿ ಒತ್ತಿದೆ. ಗಾಡಿ ಹಾಡಿದಂತೆ ಚಾಲೂ ಆಯಿತು. ಓಣಿಯವರು ತಲೆದೂಗಿದರು. ಎಲ್ಲವನ್ನೂ ಕೂಡಿಸಿದ ಮೇಲೆ ಒಂದು ಬೋಲ್ಟು ನನ್ನ ಅಂಗೈಯಲ್ಲಿ ಉಳಿಯಿತು. ಯಾರೂ ನೋಡದಂತೆ ಜೇಬಿಗೆ ಹಾಕಿಕೊಂಡೆ.

"ಅಳಿಯಾರ, ಅದು ಕಂಪನಿಯವ್ರು ಹೆಚ್ಚಿಗಿ ಕೊಟ್ಟಿದ್ರೇನ್ರಿ?" ಎಂದು ಕಟ್ಟೆಯ ಮೇಲಿಂದ ಭೀಮಬಾಯಿ ಕೇಳಿದಳು.

ಸಂಜೆ ಬಸ್ಸು ಇನ್ನೂ ಭಾಲ್ಕಿ ಮುಟ್ಟಿರಲಿಲ್ಲ, ಫೋನ್ ಬಂತು. ದಿಬ್ಬದಲ್ಲಿ ನಿಂತಿದೆ.

ಮುಂದಿನ ಭಾನುವಾರವೂ ಹಾಗೇ ಆಯಿತು. ಸೀಟು ಎತ್ತುವುದು, ಪ್ಲಗ್ ಉಜ್ಜುವುದು, ಚಾಲೂ ಆಗುವುದು, ನಾನು ಬಸ್ ಹತ್ತುವುದು, ಗಾಡಿ ದಿಬ್ಬದಲ್ಲಿ ನಿಲ್ಲುವುದು. ಊರಿನಲ್ಲಿ ಅಭಿಪ್ರಾಯಗಳು ಬೆಳೆದವು. ಅಳಿಯನ ಬಸ್ಸು ಊರ ಸೀಮೆ ದಾಟುವವರೆಗೆ ಗಾಡಿ ಮರ್ಯಾದೆಗೆ ನಡೆಯುತ್ತದೆ ಎಂದು ಕೆಲವರು. ಮೋಜು ಮಾಡಿ ಬೆಳೆದ ಗಾಡಿಗೆ ದುಡಿಮೆ ಒಗ್ಗುವುದಿಲ್ಲ, ಅದರ ವಾರಿಗೆಯವು ನಾಲ್ಕು ಜೊತೆಗಿದ್ದರೆ ನಡೆದೀತು ಎಂದು ಭೀಮಬಾಯಿ. ಮಾವನವರು ಮಾತ್ರ ಗಾಡಿ ನಿಂತಾಗ ಕುರಿಗೆ ಮಾಡುವಂತೆ ನಾಲಿಗೆಯಿಂದ ಟಕ್ ಟಕ್ ಮಾಡಿ ಕಾಯುತ್ತಿದ್ದರಂತೆ. ಸ್ವಲ್ಪ ಹೊತ್ತಿಗೆ ಚಾಲೂ ಆಗುತ್ತಿತ್ತು, ಹತ್ತು ಮಾರು ಏರಿ ಮತ್ತೆ ನಿಲ್ಲುತ್ತಿತ್ತು.

ಮೂರನೆಯ ವಾರ ಬೇರೆ ದಾರಿ ಕಾಣದೆ ಗಾಡಿಯನ್ನು ಸಂಜುಕುಮಾರನ ಟೆಂಪೊಗೆ ಹಾಕಿಕೊಂಡು ಬೀದರಿಗೆ, ನನ್ನ ಉಸ್ತಾದರಾದ ಕಲೀಮರ ಗ್ಯಾರೇಜಿಗೆ ಹೊರಟೆವು. ಹೊರಡುವಾಗ ಅತ್ತೆ ಗಾಡಿಯನ್ನು ಒಮ್ಮೆ ಸವರಿದರು. ಕಂಬಳಿ ಹೆಗಲ ಮೇಲೇ ಇತ್ತು.

ಜನವಾಡದ ಹತ್ತಿರ ಒಬ್ಬರು ಪೊಲೀಸರು ಕೈ ಅಡ್ಡ ಹಾಕಿದರು. ಇದೇನು ಎಂದು ಕೇಳಿದರು. ಸಂಜುಕುಮಾರ ಬಾಯಿ ತೆರೆಯುವ ಮೊದಲೇ ನಾನು ಕೆಳಗಿಳಿದು ಎಲ್ಲವನ್ನೂ ವಿವರಿಸಿದೆ. ಇದು ರಸ್ತೆಯ ಮೇಲೆ ಓಡಿಸುವ ವಾಹನವಲ್ಲ, ನಾವು ಓಡಿಸುತ್ತಲೂ ಇಲ್ಲ, ಆದ್ದರಿಂದ ನಂಬರು ಪ್ಲೇಟು ಇಲ್ಲ. ಹೊಲದಲ್ಲಿ ಓಡಿಸುತ್ತೇವೆ, ಅಲ್ಲಿಯೂ ಓಡುತ್ತಿಲ್ಲ. ಆದ್ದರಿಂದ ಸದ್ಯಕ್ಕೆ ಇದನ್ನು ವಾಹನ ಎನ್ನಬಹುದೋ ಇಲ್ಲವೋ ಎಂಬ ಬಗ್ಗೆ ನನಗೇ ಖಾತ್ರಿಯಿಲ್ಲ. ಪೊಲೀಸರು ಟೆಂಪೊದ ಹಿಂದೆ ಹೋಗಿ ಗಾಡಿಯನ್ನು ನೋಡಿದರು.

"ಮತ್ತ ಕುಂಕುಮ ಯಾಕ ಹಚ್ಚೀರಿ?"

"ಮನ್ಯಾಗ ಹಚ್ಯಾರ್ರಿ."

"ಪ್ಲಗ್ ನೋಡೀರೇನ್ರಿ?"

ನೋಡಿದ್ದೇವೆ ಎಂದೆ. ಹಾಗಾದರೆ ಪೆಟ್ರೋಲಿನ ಟಾಕಿಯೊಳಗೆ ನೀರು ಸೇರಿರಬೇಕು, ತಮ್ಮ ಮೈದುನನ ಗಾಡಿಗೂ ಹೀಗೇ ಆಗಿತ್ತು ಎಂದು ಹೇಳಿ ಬಿಟ್ಟು ಕಳಿಸಿದರು. ಕೆಟ್ಟ ಎಂಜಿನ್ನನ್ನು ಕಂಡಾಗ ಸಲಹೆ ಕೊಡದೆ ಮುಂದೆ ಹೋಗುವ ಗಂಡಸು ಬೀದರ ಜಿಲ್ಲೆಯಲ್ಲಿ ನನಗೆ ಇನ್ನೂ ಸಿಕ್ಕಿಲ್ಲ.

ಕಲೀಮ ಉಸ್ತಾದರ ಗ್ಯಾರೇಜು ಚೌಬಾರಾದ ಹಿಂದಿನ ಗಲ್ಲಿಯಲ್ಲಿದೆ. ಅವರು ಸೀಟು ತೆಗೆದು, ಟಾಕಿ ತೊಳೆದು, ಕಾರ್ಬೋರೇಟರ್ ಬಿಚ್ಚಿ ಊದಿ ಕೂಡಿಸಿದರು. ಕೂಡಿಸುವುದನ್ನು ನಾನು ಮೊದಲ ಸಲ ಕಣ್ಣಾರೆ ಕಂಡೆ, ಸುಂದರವಾದ ಕೆಲಸ. ಸೀಟು ಹಾಕಿ, ನನ್ನನ್ನು ಹಿಂದೆ ಕೂರಿಸಿಕೊಂಡು ಕೋಟೆ ಕಡೆಯ ಖಾಲಿ ಜಾಗದ ಏರಿನಲ್ಲಿ ಆರು ಸಲ ಹತ್ತಿಸಿದರು. ಒಂದು ಸಲವೂ ಕೆಮ್ಮಲಿಲ್ಲ.

"ಶಿವಕಾಂತ, ಈ ಗಾಡಿಗಿ ಬೀಮಾರಿ ಇಲ್ಲ. ಬೀಮಾರಿ ಮನ್ಯಾಗ ಅದ. ಅಲ್ಲಿ ಹೋಗಿ ನೋಡು" ಎಂದರು. ನಂತರ ಕೈ ಒರೆಸಿಕೊಳ್ಳುತ್ತ ಇನ್ನೊಂದು ಮಾತು ಹೇಳಿದರು. "ನೀ ದಿನಾ ಏಳೂ ಮುಕ್ಕಾಲಿಗಿ ಎದ್ದು ಓಡ್ತಿದ್ದಿ. ಅದರ ಮ್ಯಾಲ ನಾ ದಿನಾ ಒಂದೇ ಮಾತು ಹೇಳಿ ಕ್ಲಾಸ್ ಮುಗಿಸ್ತಿದ್ದೆ. ಗಾಡಿ ಎಲ್ಲಿ ನಿಲ್ತದ ಅಲ್ಲೇ ಹೋಗಿ ನೋಡ್ರಿ. ಹ್ಯಾಂಗ ನಿಂತದ ಹಾಂಗೇ ನೋಡ್ರಿ. ಬಿಚ್ಚಲಿಕ್ಕ ಅವಸರ ಮಾಡಬ್ಯಾಡ್ರಿ."

ಎರಡನೆಯ ಮಾತನ್ನು ನಾನು ಯಾರಿಗೂ ಹೇಳಲಿಲ್ಲ, ನಾಚಿಕೆಯಾಗಿತ್ತು. ಮೊದಲನೆಯದನ್ನು ಮಾತ್ರ ಪ್ರಾಮಾಣಿಕವಾಗಿ ಮನಿಷಾಳಿಗೆ ಹೇಳಿದೆ. ಅವಳು ತಾಯಿಗೆ ಫೋನಿನಲ್ಲಿ ಹೇಳಿದಳು. ಫೋನಿನ ದನಿ ಜೋರಾಗಿದ್ದುದರಿಂದ ಭೀಮಬಾಯಿಯ ಕಟ್ಟೆಗೂ ತಲುಪಿತು. ಸಂಜೆಯ ಹೊತ್ತಿಗೆ ಠಾಣಾ ಕುಶನೂರಿನಲ್ಲಿ, ಬೀದರಿನ ದೊಡ್ಡ ಮೆಕ್ಯಾನಿಕ್ಕು ಮಡೆಪ್ಪನವರ ಮನೆಯಲ್ಲೇ ದೋಷವಿದೆ ಎಂದು ಹೇಳಿದ್ದಾನೆ ಎಂಬ ಸುದ್ದಿ ಸ್ಥಾಪಿತವಾಯಿತು.

ಮರುದಿನ ಮೇವಿನ ಬಣವೆಯನ್ನು ಮನೆಯ ಎಡದಿಂದ ಬಲಕ್ಕೆ ಸಾಗಿಸಿದರು. ಅದರ ಮರುದಿನ ಕುರಿದೊಡ್ಡಿಯ ಬಾಗಿಲನ್ನು ಮೂಡಲಿಗೆ ಮಾಡಿದರು. ಎಂಬತ್ತು ಕುರಿಗಳು ಎರಡು ದಿನ ಹಳೆಯ ಬಾಗಿಲಿದ್ದ ಜಾಗದಲ್ಲೇ ಒತ್ತಿಕೊಂಡು ನಿಂತಿದ್ದವಂತೆ. ನೀರಿನ ಕಲ್ಲುಬಾನಿಯನ್ನು ಸರಿಸುವಾಗ ಅದು ಬಿರುಕು ಬಿಟ್ಟಿತು. ನೆಂಟರು ಒಬ್ಬೊಬ್ಬರಾಗಿ ಬಂದು, ದೋಷ ಎಂದರೆ ಯಾರದು ಇರಬಹುದು ಎಂದು ಮೆಲ್ಲಗೆ ವಿಚಾರಿಸತೊಡಗಿದರು. ಕೊನೆಗೆ ಒಬ್ಬರು ಹಿರಿಯರು, ಅಳಿಯನ ಕಾಲ್ಗುಣವನ್ನೂ ಒಮ್ಮೆ ನೋಡಬಹುದು, ನೋಡುವುದರಲ್ಲಿ ತಪ್ಪೇನಿದೆ ಎಂದರಂತೆ. ಮನಿಷಾ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ಟಿವಿಯ ಮೇಲಿನ ಕಟ್ಟನ್ನು ಇಳಿಸಿ, ಗೋಡೆಗೆ ಮುಖ ಮಾಡಿ ನಿಲ್ಲಿಸಿದಳು. ಗಾಡಿ ಮಾತ್ರ ದಿಬ್ಬದಲ್ಲಿ ನಿಲ್ಲುವುದನ್ನು ಬಿಡಲಿಲ್ಲ.

ಅಮಾವಾಸ್ಯೆಗೆ ಒಂದು ದಿನ ಉಳಿಯಿತು. ನಾನು ರಜೆ ಬರೆದುಕೊಟ್ಟೆ. ಗಂಟೆಯ ಕೋಲನ್ನು ದೈಹಿಕ ಶಿಕ್ಷಕರ ಕೈಗೆ ಕೊಟ್ಟು, ಊಟದ ಗಂಟೆ ಒಂದೂ ಹತ್ತಕ್ಕೇ ಹೊರತು ಒಂದಕ್ಕಲ್ಲ ಎಂದು ಮೂರು ಸಲ ಹೇಳಿ, ಮೊದಲ ಬಸ್ಸು ಹತ್ತಿದೆ.

ನಾನು ಹೋಗುವಷ್ಟರಲ್ಲಿ ಮಾವನವರು ಮಂದೆ ಹೊಡೆದುಕೊಂಡು ಹೊರಟುಬಿಟ್ಟಿದ್ದರು. ದಿಬ್ಬದ ಬುಡದಲ್ಲಿ ಅವರನ್ನು ಕೂಡಿಕೊಂಡೆ. ಗಾಡಿಯ ಮೇಲೆ ನೆಟ್ಟಗೆ ಕೂತಿದ್ದರು, ಕೈಯಲ್ಲಿ ಕೋಲು, ತಲೆಗೆ ರುಮಾಲು. ಮುಂದೆ ಕುರಿಗಳು ಕೆಂಪು ಕಲ್ಲಿನ ಮೇಲೆ ಹರಡಿಕೊಂಡು ಏರುತ್ತಿದ್ದವು. ನಾನು ಹಿಂದೆ ನಡೆದೆ. ಗಾಡಿ ಗುರ್ ಎನ್ನುತ್ತ ಏರಿತು, ಕಪ್ಪು ಹೊಗೆ ಬಿಟ್ಟಿತು, ಎರಡು ಸಲ ಕೆಮ್ಮಿತು, ನಿಂತಿತು.

ನನ್ನ ಕೈ ತಾನಾಗಿ ಸೀಟಿನ ಕೊಂಡಿಗೆ ಹೋಯಿತು. ಅಲ್ಲಿಗೇ ತಡೆದೆ. ಹ್ಯಾಂಗ ನಿಂತದ ಹಾಂಗೇ ನೋಡ್ರಿ. ಚೀಲ ಕೆಳಗಿಟ್ಟು ಒಂದು ಕಲ್ಲಿನ ಮೇಲೆ ಕೂತೆ. ನೋಡುವುದನ್ನು ಬಿಟ್ಟು ಬೇರೇನೂ ಮಾಡಲಿಲ್ಲ. ಬಹುಶಃ ಇದನ್ನೇ ಯಾರೋ ದೂರದಿಂದ ಕಂಡು ನಾನು ಅಳುತ್ತಿದ್ದೆ ಎಂದು ತಿಳಿದಿರಬೇಕು.

ಮಾವನವರೂ ಇಳಿದು ಬಂದು ಪಕ್ಕದಲ್ಲಿ ಕೂತು, ಕಾಲು ಚಾಚಿದರು. ಮಂದೆ ದಿಬ್ಬದ ಆಚೆಗೆ ಇಳಿದು ಕಣ್ಮರೆಯಾಯಿತು. ಕುರಿಗಳ ಕೊರಳಗಂಟೆಯ ಸದ್ದು ಮಾತ್ರ ಕೇಳುತ್ತಿತ್ತು.

"ನಾಳೆ ಆ ಹುಮನಾಬಾದಿನವ ಬರ್ತಾನ" ಎಂದರು. "ನನಗ ಕುರಿಮಂದಿ ಹೋಗ್ತದಂತ ಸಂಕಟ ಇಲ್ರಿ ಅಳಿಯಾರ. ಕುರಿ ಎಲ್ಲಿದ್ರೂ ಮೇಯ್ತಾವ. ಆದ್ರ ನಾಡದು ಮುಂಜಾನಿ ಎದ್ದು ನಾ ಯಾ ಕಡೀ ಹೋಗ್ಲಿ, ಅದು ತಿಳೀವಲ್ದು."

ಮುಂಜಾನೆ ಎದ್ದು ಹೋಗಲು ನನಗೆ ಶಾಲೆಯ ಗಂಟೆ ಇದೆ. ಅದು ಇಲ್ಲವಾದರೆ ಏನು ಮಾಡುತ್ತೇನೆಂದು ನಾನು ಎಂದೂ ಯೋಚಿಸಿರಲಿಲ್ಲ. ಮುಖ ಆಚೆ ತಿರುಗಿಸಿ ಮತ್ತೆ ಗಾಡಿಯನ್ನೇ ನೋಡಿದೆ. ಆಗ ಕಂಡಿತು. ಸೀಟಿನ ಮೇಲೆ ಕಂಬಳಿ ಇತ್ತು.

ಸುಮ್ಮನೆ ಹಾಸಿದ್ದಲ್ಲ. ಜಾರಬಾರದೆಂದು ಎರಡೂ ತುದಿಗಳನ್ನು ಸೀಟಿನ ಅಡಿಗೆ ತುರುಕಿ, ಮೇಲೆ ಕೊಂಡಿ ಹಾಕಿತ್ತು. ಒಂದು ತುದಿ ಮುಂಭಾಗದಲ್ಲಿ ಒಳಗೆ ಇಳಿಬಿದ್ದಿತ್ತು. ಸರಿಯಾಗಿ ಗಾಳಿಡಬ್ಬಿಯ ಬಾಯಿ ಇರುವ ಕಡೆಗೆ.

"ಮಾವ, ಈ ಕಂಬಳಿ ಯಾವಾಗಿಂದ ಅದ?"

"ಬಂದ ದಿನದಿಂದ. ಅಗಸಿ ಮುಂದ ನಿಂತಿತ್ತಲ್ರಿ, ಅವತ್ತೇ ನಿಮ್ಮ ಅತ್ತಿ ಹಾಸ್ಯಾಳ."

ಅವರು ಬಿಡಿಸಿ ಹೇಳಿದರು. ಹೊಸ ಟಗರು ಬಂದರೆ ಮೊದಮೊದಲು ಬೆದರುತ್ತದೆ, ಅಗಸಿ ದಾಟುವುದಿಲ್ಲ. ಆಗ ಮನೆಯ ಹಳೆಯ ಕಂಬಳಿಯನ್ನು ಅದರ ಮೈಮೇಲೆ ಹೊದಿಸುತ್ತಾರೆ. ಮನೆಯ ವಾಸನೆ ಹತ್ತಿದರೆ ತನ್ನದೆಂದು ತಿಳಿದು ನಡೆಯುತ್ತದೆ. ಗಾಡಿಯೂ ಹೊಸದು, ಪರವೂರಿನದು, ಬೆದರಿತ್ತು. ಕಂಬಳಿ ಹಾಸಿದ ಮೇಲೆ ಅಂಗಳದಲ್ಲಿ ಸರಿಯಾಗಿ ನಡೆಯತೊಡಗಿತು.

ನಾನು ಬಂದಾಗಲೆಲ್ಲ ಅದು ಯಾಕೆ ಇರಲಿಲ್ಲ ಎಂದು ಕೇಳಿದೆ. ಅವರಿಗೆ ನನ್ನ ಪ್ರಶ್ನೆಯೇ ವಿಚಿತ್ರವೆನಿಸಿತು. ಮನೆಯ ಕಂಬಳಿ ದೇವರ ಗದ್ದುಗೆಗೆ ಹಾಸುವಂಥದ್ದು. ಅದಕ್ಕೆ ಎಣ್ಣೆಯ ಕೈ ತಾಗಬಾರದು, ಪರರ ಮನೆಯಲ್ಲಿ ಬಿಟ್ಟು ಬರಬಾರದು. ರಿಪೇರಿಯವರು ಬರುತ್ತಾರೆಂದರೆ ತೆಗೆದು ಮಡಿಸಿ ಹೆಗಲಿಗೆ ಹಾಕಿಕೊಳ್ಳುವುದು, ಅವರು ಹೋದ ಮೇಲೆ ಮತ್ತೆ ಹಾಸುವುದು. ಅದನ್ನು ಯಾರಾದರೂ ಬಾಯಿಬಿಟ್ಟು ಹೇಳುತ್ತಾರೆಯೇ? ಗಾಡಿಗೆ ಏನಾದರೂ ಸೇರಿಸಿದ್ದೀರಾ ಎಂದು ನಾನು ಕೇಳಿದಾಗ ಅತ್ತೆ ಸುಳ್ಳು ಹೇಳಿರಲಿಲ್ಲ. ಕಂಬಳಿ ಸೇರಿಸುವ ವಸ್ತುವಲ್ಲ.

ನಿಧಾನವಾಗಿ ಪರೀಕ್ಷೆ ಮಾಡಿದೆ. ಮಾವನವರು ಚಪ್ಪಲಿ ಬಿಟ್ಟು, ಕಂಬಳಿ ತೆಗೆದು ಹೆಗಲಿಗೆ ಹಾಕಿಕೊಂಡರು. ಸೀಟು ಮುಚ್ಚಿದೆ. ಗಾಡಿ ದಿಬ್ಬದ ನೆತ್ತಿಗೆ ಏರಿತು. ಇಳಿದು ಬಂದೆವು, ಕಂಬಳಿ ತುರುಕಿದೆವು, ಅರ್ಧಕ್ಕೆ ನಿಂತಿತು. ತೆಗೆದೆವು, ಏರಿತು. ಸಂಶಯ ನನ್ನ ಸ್ವಭಾವ, ಹಾಗಾಗಿ ಏಳು ಸಲ ಮಾಡಿಸಿದೆ. ಅಂಗಳದಲ್ಲಿ ಎಂಜಿನ್ನಿಗೆ ಸ್ವಲ್ಪ ಗಾಳಿ ಸಾಕು, ಸಂದಿಯಿಂದ ಸಿಗುತ್ತಿತ್ತು. ಏರಿನಲ್ಲಿ ಜೋರಾಗಿ ಎಳೆದಾಗ ಕಂಬಳಿಯ ತುದಿ ಹೋಗಿ ಬಾಯಿಗೆ ಅಂಟಿಕೊಳ್ಳುತ್ತಿತ್ತು. ಎಂಜಿನ್ ನಿಂತ ಮೇಲೆ ತಾನೇ ಸಡಿಲಾಗುತ್ತಿತ್ತು. ರಿಪೇರಿಗೆಂದು ಬಂದವರಿಗೆ ಕಂಬಳಿಯಿಲ್ಲದ ಗಾಡಿ ಸಿಗುತ್ತಿತ್ತು. ಹೀಗೆ ನಾವೆಲ್ಲ ಒಂದು ತಿಂಗಳು ಒಳ್ಳೆಯ ಗಾಡಿಯನ್ನು ಶ್ರದ್ಧೆಯಿಂದ ದುರಸ್ತಿ ಮಾಡಿದ್ದೆವು.

ಏಳನೆಯ ಸಲ ಮಾವನವರು ನನಗೆ ಕಾಯಲಿಲ್ಲ. ನೆತ್ತಿ ದಾಟಿ, ಟಕ್ ಟಕ್ ಎನ್ನುತ್ತ, ಮಂದೆಯ ಕಡೆಗೆ ಇಳಿದು ಹೋದರು.

ನನ್ನ ನಿಜವಾದ ಭಯ ಆಗ ಶುರುವಾಯಿತು. ದೇವರ ಗದ್ದುಗೆಯ ಕಂಬಳಿಯಿಂದ ಗಾಡಿ ಕೆಟ್ಟಿತು ಎಂದು ಆ ಮನೆಯ ಅಂಗಳದಲ್ಲಿ ನಿಂತು ಅಳಿಯನಾದವನು ಹೇಗೆ ಹೇಳಬೇಕು? ಬಣವೆ, ದೊಡ್ಡಿ, ಬಾನಿ ಎಲ್ಲ ಆಗಲೇ ನನ್ನ ಹೆಸರಿನಲ್ಲಿ ಸ್ಥಳಾಂತರಗೊಂಡಿದ್ದವು. ಹೇಳದಿದ್ದರೆ ಅತ್ತೆ ನಾಳೆ ಮತ್ತೆ ಹಾಸುತ್ತಾರೆ, ಗಾಡಿ ನಿಲ್ಲುತ್ತದೆ, ಕುರಿ ಹೋಗುತ್ತವೆ. ಇಳಿಯುವ ದಾರಿಯುದ್ದಕ್ಕೂ ವಾಕ್ಯಗಳನ್ನು ಕಟ್ಟಿ ಕಟ್ಟಿ ಹೊಡೆದುಹಾಕಿದೆ.

ಅಂಗಳದಲ್ಲಿ ಹುಮನಾಬಾದಿನ ವ್ಯಾಪಾರಿ ಒಂದು ದಿನ ಮೊದಲೇ ಬಂದು ಚಹಾ ಕುಡಿಯುತ್ತಿದ್ದ. ಕಟ್ಟೆಯ ಮೇಲೆ ಭೀಮಬಾಯಿ ಇದ್ದಳು. ಸಂಜುಕುಮಾರನಿದ್ದ. ಕಾಲ್ಗುಣದ ಹಿರಿಯರೂ ಇದ್ದರು. ಸ್ವಲ್ಪ ಹೊತ್ತಿಗೆ ಮಾವನವರು ಗಾಡಿಯ ಮೇಲೆ, ಮಂದೆಯ ಹಿಂದೆ, ಯಾವ ತಂಟೆಯೂ ಇಲ್ಲದೆ ಅಗಸಿಯೊಳಗಿಂದ ಬಂದು ಇಳಿದರು. ಹೆಗಲ ಮೇಲೆ ಕಂಬಳಿ. ಅದನ್ನು ಕಂಡು ಅತ್ತೆಯ ಹುಬ್ಬು ಗಂಟಾಯಿತು. ಎಲ್ಲರೂ ನನ್ನ ಕಡೆ ತಿರುಗಿದರು. ಕಮಲನಗರದ ಪಂಕ್ತಿಯಲ್ಲಿ ನೋಡಿದ್ದರಲ್ಲ, ಹಾಗೇ.

ಕಟ್ಟಿಕೊಂಡು ಬಂದ ವಾಕ್ಯಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. "ಅತ್ತಿ, ಅದಕ್ಕ ಉಸ್ರು ಕಟ್ಟಲತ್ತಿತ್ರಿ" ಎಂದೆ.

"ಯಾತಕ್ಕ?"

"ಕಂಬಳಿ ತುದಿ ಅದರ ಮೂಗಿನ ಮ್ಯಾಲ ಬೀಳ್ತಿತ್ರಿ."

ವ್ಯಾಪಾರಿ ಚಹಾದ ಬಸಿಯನ್ನು ಬಾಯಿಯ ಹತ್ತಿರವೇ ಹಿಡಿದಿದ್ದ. ಅತ್ತೆ ಕೆಳಗಿಳಿದು ಬಂದು ಗಾಡಿಯ ಮುಂದೆ ನಿಂತರು.

"ಇದಕ್ಕ ಮೂಗು ಅದ?"

ಸೀಟು ಎತ್ತಿ ತೋರಿಸಿದೆ. ಕರಿಯ ಡಬ್ಬಿ, ಅದಕ್ಕೊಂದು ಅಂಗೈಯಗಲದ ಬಾಯಿ. ಸಂಜುಕುಮಾರ ಗುಂಡಿ ಒತ್ತಿ ಎಂಜಿನ್ ಚಾಲೂ ಮಾಡಿದ. ಅತ್ತೆ ಆ ಬಾಯಿಯ ಹತ್ತಿರ ಅಂಗೈ ಹಿಡಿದರು. ಹುಟ್ಟಿದ ಮರಿಯ ಮೂತಿಗೆ ಹಿಡಿಯುತ್ತಾರಲ್ಲ, ಹಾಗೆ. ಗಾಳಿ ಅಂಗೈಯನ್ನು ಎಳೆಯಿತು. ಪೂರ್ತಿ ಮುಚ್ಚಿದರು, ಎಂಜಿನ್ ಕೆಮ್ಮಿತು. ಕೈ ತೆಗೆದರು, ಸುಧಾರಿಸಿಕೊಂಡಿತು.

ಆಮೇಲೆ ಅವರು ನನ್ನ ಕಡೆ ತಿರುಗಿದರು. ಸಿಟ್ಟು ಇತ್ತು, ಆದರೆ ನಾನು ಹೆದರಿದ್ದ ಸಿಟ್ಟು ಅದಾಗಿರಲಿಲ್ಲ.

"ಮತ್ತ ಇದರ ಮೂಗು ಇಲ್ಲಿ ಅದಂತ ನನಗ ಯಾರರೆ ಹೇಳಬ್ಯಾಡೇನ್ರಿ? ಐವತ್ತು ವರ್ಷ ಕುರಿ ಸಾಕೀನಿ. ಒಂದ್ ಮರಿ ಮೂಗಿನ ಮ್ಯಾಲರೆ ಕಂಬಳಿ ಹಾಕೀನೇನು? ಕಲ್ತವ್ರು ನೀವು, ಬೀದರಿನವ್ರು ಅವ್ರು, ಎಲ್ಲಾರೂ ಬರೋದು, ಬಿಚ್ಚೋದು, ಹೋಗೋದು. ಪಾಪ, ಮೂಕ ಜೀವ."

ಮೂರು ತಿಂಗಳ ಸಂಜೆ ತರಗತಿಯಲ್ಲಿ ನಾನು ಕಲಿತದ್ದನ್ನೆಲ್ಲ ಅವರು ಅಂಗೈಯಿಂದ ಅರ್ಧ ನಿಮಿಷದಲ್ಲಿ ಕಲಿತರು. ನಾನು ಅದನ್ನು ಅವರಿಗೆ ಹೇಳಬಹುದಿತ್ತು ಎಂಬುದೇ ನನಗೆ ಹೊಳೆದಿರಲಿಲ್ಲ.

ವ್ಯಾಪಾರಿ ಬಸಿ ಕೆಳಗಿಟ್ಟು ಮಾವನವರ ಮುಖ ನೋಡಿದ. ಮಾವನವರು ಅವನಿಗೆ ಇನ್ನೊಂದು ಚಹಾ ಕೊಡಲು ಹೇಳಿ, ದೊಡ್ಡಿಯ ಬಾಗಿಲನ್ನು ಮೊದಲು ಎಲ್ಲಿತ್ತೋ ಅಲ್ಲಿಗೇ ಹಚ್ಚಲು ಹೋದರು. ಅವನಿಗೆ ಅರ್ಥವಾಯಿತು. ಚಹಾ ಕುಡಿದೇ ಹೋದ.

"ಮೂಗು ಸಿಕ್ತು. ಆ ಬೋಲ್ಟು ಎಲ್ಲಿದು ಅಂತ ಯಾವಾಗ ಹುಡುಕ್ತೀರಿ?" ಎಂದು ಕಟ್ಟೆಯ ಮೇಲಿಂದ ದನಿ ಬಂತು.

ಈಗ ಕಂಬಳಿಯನ್ನು ಗಾಡಿಯ ಹಿಂದಿನ ಕಂಬಿಗೆ, ಮೂಗಿಗೆ ತಾಗದಂತೆ, ಅಚ್ಚುಕಟ್ಟಾಗಿ ಕಟ್ಟುತ್ತಾರೆ. ಮಾವನವರು ದಿನಾ ದಿಬ್ಬ ಹತ್ತುತ್ತಾರೆ. ಮನಿಷಾ ಸರ್ಟಿಫಿಕೇಟನ್ನು ಗೋಡೆಯಿಂದ ಈಚೆ ತಿರುಗಿಸಿದ್ದಾಳೆ, ಆದರೆ ಟಿವಿಯ ಮೇಲೆ ಹಾಕಿಲ್ಲ. ಅಡುಗೆಮನೆಯ ಬಾಗಿಲ ಪಕ್ಕ ಇದೆ. ಅದು ನ್ಯಾಯವಾದ ಜಾಗ ಎಂದು ನನಗೂ ಅನಿಸುತ್ತದೆ. ಬೋಲ್ಟು ನನ್ನ ಜೇಬಿನಲ್ಲಿದೆ.

ಒಂದು ವಿಷಯವನ್ನು ಮಾತ್ರ ಮುಚ್ಚಿಡಲಾರೆ. ಮೊದಲ ದಿನ, ಹಾರ ಹಾಕಿಸಿಕೊಂಡು ನಲವತ್ತು ಹೆಜ್ಜೆ ಹೋಗಿ ಗಾಡಿ ಅಗಸಿಯ ಮುಂದೆ ನಿಂತಿತ್ತಲ್ಲ, ಆಗ ಅದರ ಮೇಲೆ ಕಂಬಳಿ ಇರಲಿಲ್ಲ. ಅದು ನಿಂತದ್ದಕ್ಕೇ ಕಂಬಳಿ ಬಂದದ್ದು. ಕಲೀಮ ಉಸ್ತಾದರನ್ನು ಕೇಳಿದೆ, ನಾಲ್ಕು ಕಾರಣ ಹೇಳಿದರು. ನಾಲ್ಕನ್ನೂ ನೋಡಿದೆ, ಯಾವುದೂ ಹೊಂದಲಿಲ್ಲ. ಕಂಬಳಿ ಹಾಸಿದ ಮೇಲೆ ಅದು ಅಗಸಿಯ ಮುಂದೆ ಮತ್ತೆಂದೂ ನಿಂತಿಲ್ಲ. ಕಂಬಳಿಯಿಂದ ದಿಬ್ಬದಲ್ಲಿ ಕೆಟ್ಟಿತು ಎಂಬುದು ಸರಿ, ಆದರೆ ಅಗಸಿಯ ಬೆದರಿಕೆ ಬಿಟ್ಟದ್ದೂ ಕಂಬಳಿಯಿಂದಲೇ ಎಂದು ಅತ್ತೆ ಹೇಳುತ್ತಾರೆ. ಅಲ್ಲ ಎನ್ನಲು ನನ್ನ ನೋಟುಬುಕ್ಕಿನಲ್ಲಿ ಏನೂ ಇಲ್ಲ. ಅಂದು ಗಾಡಿ ಯಾಕೆ ನಿಂತಿತು ಎಂಬುದು ನನಗೆ ಗೊತ್ತಿಲ್ಲ.